ಮೂರನೇ ಹಂತದ ಕೆಂಪು ಬೀಗ

“ಇವಳು ಮತ್ತೆ ಈ ಕೋಣೆಗೆ ಕಾಲಿಡೋ ಹಾಗಿಲ್ಲ.” ಫೋರ್‌ಮನ್ ಪ್ಯಾನೆಲ್ ರೂಮಿನ ಬಾಗಿಲಿಗೆ ಅಡ್ಡ ನಿಂತಿದ್ದ. “ಒಬ್ಬರ ಕೈ ಸುಟ್ಟಿದ್ದು ಸಾಲ್ದಾ?”

“ಮೊದಲು ಒಳಗೆ ಹೋಗೋದು ಅವಳಲ್ಲ, ನೀವು,” ಎಂದಳು ಭೂತಗನ್ನಡಿ. “ಹೂಂ, ನಡೀರಿ.”

ಭೂತಗನ್ನಡಿ ಎಂಬುದು ಅವಳಿಗೆ ಅಪ್ಪ ಅಮ್ಮ ಇಟ್ಟದ್ದಲ್ಲ. ವೃತ್ತಿ ತರಬೇತಿ ಕೇಂದ್ರದಲ್ಲಿ ಎಲೆಕ್ಟ್ರಿಷಿಯನ್‌ಗಳಿಗೆ ಪರೀಕ್ಷೆ ನಡೆಸುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳು ಕಟ್ಟಿದ ಹೆಸರು. ಒಂದು ಸ್ಕ್ರೂ ಅರ್ಧ ಸುತ್ತು ಸಡಿಲವಿದ್ದರೂ ಅವಳ ಕಣ್ಣು ತಪ್ಪುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಕಾರ್ಖಾನೆಗಳಲ್ಲಿ ಆಗುವ ಅವಘಡಗಳ ಬೆನ್ನು ಹತ್ತುವುದನ್ನೇ ಕಸುಬು ಮಾಡಿಕೊಂಡಳು. ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಾರೆಂದು ಅವಳಿಗೆ ಗೊತ್ತಿಲ್ಲದೆ ಏನಿಲ್ಲ.

ಸೋಮವಾರ ಬೆಳಿಗ್ಗೆ ಈ ದೊಡ್ಡ ಲಾಂಡ್ರಿಯ ಇದೇ ಕೋಣೆಯಲ್ಲಿ, ಕರೆಂಟ್ ಇಲ್ಲವೆಂದು ನಂಬಿ ಪ್ಯಾನೆಲ್‌ಗೆ ಕೈ ಹಾಕಿದ ಹಿರಿಯ ಫಿಟ್ಟರ್ ಆಸ್ಪತ್ರೆ ಸೇರಿದ್ದ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. “ಸ್ವಿಚ್ ಇಳಿಸಿ, ಪರೀಕ್ಷೆ ಮಾಡಿ, ಕರೆಂಟಿಲ್ಲ ಅಂದವಳು ನಾನೇ,” ಎಂದು ಅವನ ಸೊಸೆ ಪೊಲೀಸರ ಮುಂದೆ ಒಪ್ಪಿಕೊಂಡುಬಿಟ್ಟಿದ್ದಳು.

ಸೊಸೆಯೂ ಇಲ್ಲೇ ಎಲೆಕ್ಟ್ರಿಷಿಯನ್. ಕಸುಬಿನ ರುಚಿ ಹತ್ತಿಸಿ, ತರಬೇತಿಗೆ ಸೇರಿಸಿದವನು ಅದೇ ಮಾವ. ಆದರೂ ಊರ ಬಾಯಿಗೆ ಬೀಗ ಹಾಕುವವರು ಯಾರು? “ಮಾವನ್ನೇ ಮುಗಿಸೋಕೆ ಹೊರಟಿದ್ಲಂತೆ” ಎಂಬ ಮಾತು ಆಗಲೇ ಬಟ್ಟೆ ಒಗೆಯುವ ಡ್ರಮ್ಮಿನಿಂದ ಬಟ್ಟೆ ಮಡಿಸುವ ಮೇಜಿನವರೆಗೆ ಹಬ್ಬಿತ್ತು.

ತಮಾಷೆಯೆಂದರೆ, ಭೂತಗನ್ನಡಿಯ ಮನೆ ಬಾಗಿಲು ತಟ್ಟಿ “ನನ್ನ ಸೊಸೆ ಅಂಥೋಳಲ್ಲ, ಹೇಗಾದ್ರೂ ಮಾಡಿ ಬಿಡಿಸ್ಕೊಡಿ” ಎಂದು ಅತ್ತವಳು ಆ ಹುಡುಗಿಯ ಅತ್ತೆ. ಫಿಟ್ಟರನ ಹೆಂಡತಿ. ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವ ಆಕೆಯನ್ನು ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಅತ್ತೆ ಸೊಸೆ ಎಂದರೆ ಎಣ್ಣೆ ಸೀಗೆಕಾಯಿ ಅನ್ನುವ ಲೋಕದಲ್ಲಿ ಇಂಥ ಜೋಡಿಯನ್ನು ಕಂಡು ಭೂತಗನ್ನಡಿಗೆ ಹೊಟ್ಟೆ ತಣ್ಣಗಾಗಿತ್ತು. ಅಂದೇ ಮಾತು ಕೊಟ್ಟಿದ್ದಳು. ಈ ಹುಡುಗಿಯನ್ನು ಬಿಡಿಸದೆ ಅವಳು ಸುಮ್ಮನಿರುವವಳಲ್ಲ.

ಆ ಮನೆಯಲ್ಲಿ ಉಳಿದವನು ಮಗನೊಬ್ಬ, ಸೊಸೆಯ ಗಂಡ. ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ. ಸೋಮವಾರ ಬೆಳಿಗ್ಗೆ ಅವನು ಬಟ್ಟೆ ತಲುಪಿಸಲು ಹೊರಗೆ ಹೋಗಿದ್ದನೆಂದು ಹೆಂಡತಿಯೂ ಹೇಳಿದ್ದಳು, ತಾಯಿಯೂ ಹೇಳಿದ್ದಳು. ಈಗ ಆಸ್ಪತ್ರೆಯಲ್ಲಿ ಅಪ್ಪನ ಮಂಚದ ಪಕ್ಕ ಕೂತಿದ್ದ.

“ಅತ್ತಿಗೆ,” ಎಂದು ಕಿವಿಯ ಹತ್ತಿರ ಬಂದು ಪಿಸುಗುಟ್ಟಿದವನು ಇನ್‌ಸ್ಪೆಕ್ಟರ್. ಕೇಸು ಅವನದು. ಭೂತಗನ್ನಡಿಯ ಮೈದುನ ಬೇರೆ. “ಮಧ್ಯಾಹ್ನದೊಳಗೆ ನಾನು ಈ ಹುಡುಗೀನ ಸ್ಟೇಷನ್ನಿಗೆ ಕರ್ಕೊಂಡು ಹೋಗ್ಲೇಬೇಕು. ಸಾಹೇಬರು ಆಗ್ಲೇ ಎರಡು ಸಲ ಫೋನ್ ಮಾಡಿದ್ರು. ನೀವು ಏನು ಮಾಡ್ತಿದ್ದೀರಿ ಅಂತ ನನಗಾದ್ರೂ ಹೇಳಿ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದಾರಲ್ಲ, ಆ ಎತ್ತನ್ನ ಹುಡುಕ್ತಿದ್ದೀನಿ.”

“ಬಿಡಿಸಿ ಹೇಳಿ. ಈ ಹಂತ, ಆ ಹಂತ ಅಂತೀರಿ. ಆ ಫೋರ್‌ಮನ್ ನಾಲ್ಕನೇ ಹಂತ, ಫಿಟ್ಟರ್ ಮೂರನೇದು, ಹುಡುಗಿ ಎರಡನೇದು. ನಮ್ಮಲ್ಲಿ ಪೇದೆ, ಇನ್‌ಸ್ಪೆಕ್ಟರ್ ಇದ್ದ ಹಾಗೆ ತಾನೆ?”

“ಅಲ್ಲ. ನಿಮ್ಮಲ್ಲಿ ಕೂದಲು ನೆರೆತ್ರೆ ಬಡ್ತಿ ಬರುತ್ತೆ.”

ಮೈದುನ ಟೋಪಿ ಸರಿ ಮಾಡಿಕೊಂಡ.

“ಹಂತ ಅಂದ್ರೆ ಎಷ್ಟು ವರ್ಷ ದುಡಿದ ಅನ್ನೋದಲ್ಲ ಕಣಪ್ಪ, ಎಷ್ಟರ ಹೊಣೆ ಹೊರಬಲ್ಲ ಅನ್ನೋದು. ಒಂದನೇ ಹಂತದೋನಿಗೆ ಅಪಾಯ ಎಲ್ಲಿದೆ ಅಂತ ಗೊತ್ತಿದ್ರೆ ಸಾಕು. ಎರಡನೇದು, ಹೇಳಿದ ಕೆಲಸಾನ ಸರಿಯಾಗಿ ಮಾಡಬೇಕು, ಆದ್ರೆ ಪಕ್ಕದಲ್ಲಿ ಮೇಲಿನೋರು ಇರಬೇಕು. ಮೂರನೇದು, ಒಬ್ಬನೇ ಮಾಡಬಹುದು, ತನ್ನ ಕೆಲಸಕ್ಕೆ ತಾನೇ ಜವಾಬ್ದಾರ. ನಾಲ್ಕು ಅಂದ್ರೆ ಬೇರೆಯೋರ ಕೆಲಸಕ್ಕೂ ಇವನೇ ಉತ್ತರ ಕೊಡಬೇಕು.”

“ಅಂದ್ರೆ ಹುಡುಗಿ ತಪ್ಪು ಮಾಡಿದ್ರೆ ಫೋರ್‌ಮನ್ನೇ ಉತ್ತರ ಕೊಡ್ಬೇಕು.”

“ಅವನು ಪಕ್ಕದಲ್ಲಿದ್ದಿದ್ರೆ. ಇರಲಿಲ್ಲ ಅಂತಾನೆ. ನಾನು ಹೇಳೋದು, ಅಲ್ಲಿದ್ದೋನೇ ಅವನು. ಪರೀಕ್ಷೆ ಮಾಡಿ ಎಡವಟ್ಟು ಮಾಡಿದೋನೂ ಅವನೇ. ಹುಡುಗೀನ ಹೆದರಿಸಿ ಒಪ್ಪಿಸಿದ್ದಾನೆ. ಅವನ ಕೋಣೆ ಗೋಡೆ ನೋಡಿದ್ಯಾ? ನಾಲ್ಕನೇ ಹಂತದ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಚೌಕಟ್ಟು. ಎರಡನೇದೂ ಇಲ್ಲ, ಮೂರನೇದೂ ಇಲ್ಲ. ಕೆಳಗಿನ ಮೆಟ್ಟಿಲು ತುಳೀದೆ ಮಾಳಿಗೆ ಹತ್ತಿದೋನು.”

“ಸಾಕ್ಷಿ?”

ಭೂತಗನ್ನಡಿ ಕೈಚೀಲದಿಂದ ಒಂದು ಮೀಟರ್ ತೆಗೆದಳು. ಎರಡು ವಯರುಗಳ, ಸಾಧಾರಣ ಮೀಟರ್. ಅದರ ಒಂದು ವಯರಿನ ಒಳತಂತಿಯನ್ನು ಅವಳೇ ಬೆಳಿಗ್ಗೆ ಕತ್ತರಿಸಿದ್ದಳು. ಹೊರಗಿನಿಂದ ಏನೂ ಕಾಣದು. ಮುಖದ ಮೇಲೆ ಅಂಕಿ ಮೂಡುತ್ತದೆ, ಆದರೆ ಎಲ್ಲಿಟ್ಟರೂ ಸೊನ್ನೆ. ಕರೆಂಟು ಭೋರ್ಗರೆಯುತ್ತಿದ್ದರೂ ಸೊನ್ನೆ.

ಎರಡನೇ ಹಂತದಲ್ಲಿ ಪಾಸಾದವರ ಕೈಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಪ್ಯಾನೆಲ್ ಮುಟ್ಟುವ ಮೊದಲು, ಕರೆಂಟ್ ಇರುವುದು ಖಂಡಿತವೆಂದು ಗೊತ್ತಿರುವ ಕಡೆ ಮೀಟರನ್ನು ಇಟ್ಟು ನೋಡುವುದು. ಆಮೇಲೆ ಪ್ಯಾನೆಲ್. ಆಮೇಲೆ ಮತ್ತೊಮ್ಮೆ ಮೊದಲಿನ ಕಡೆಯೇ ಮೀಟರ್. ಕೆಟ್ಟ ಮೀಟರಿನ ಸೊನ್ನೆಯನ್ನು ನಂಬಿ ಸತ್ತವರು ಇರುವುದರಿಂದಲೇ ಈ ಪಾಠ. ಇದನ್ನು ತಪ್ಪಿದವರನ್ನು ಭೂತಗನ್ನಡಿ ಪರೀಕ್ಷೆಯ ಮಧ್ಯದಲ್ಲೇ ಮನೆಗೆ ಕಳಿಸುತ್ತಿದ್ದಳು, ಅತ್ತರೂ ಕರೆದರೂ ಕೇಳುತ್ತಿರಲಿಲ್ಲ.

ಪ್ಯಾನೆಲ್ ರೂಮಿಗೆ ಕಿಟಕಿಯಿಲ್ಲ. ಪ್ಯಾನೆಲ್ ಇದ್ದದ್ದು ಒಳಮೂಲೆಯಲ್ಲಿ, ಹಳೆಯ ಮೋಟರುಗಳನ್ನು ಪೇರಿಸಿಟ್ಟ ಕಪಾಟಿನ ಹಿಂದೆ. ಭೂತಗನ್ನಡಿ ಬಾಗಿಲ ಪಕ್ಕದ ದೊಡ್ಡ ಸ್ವಿಚ್ಚನ್ನು ಇಳಿಸಿದ್ದೇ ತಡ, ಕೋಣೆಯ ದೀಪವೂ ಆರಿತು. ಆಚೆ ಇಸ್ತ್ರಿ ಯಂತ್ರಗಳು ಉಸ್ಸೆಂದು ನಿಂತವು. ಸ್ವಿಚ್ಚಿನ ಕೊಂಡಿಗೆ ತನ್ನ ನೀಲಿ ಬೀಗ ಜಡಿದು, ಕೀಲಿಯನ್ನು ಕೊರಳ ದಾರಕ್ಕೆ ಹಾಕಿಕೊಂಡಳು. ಎರಡನೇ ಹಂತದವರಿಗೆ ಹಳದಿ ಬೀಗ, ಮೂರನೆಯವರಿಗೆ ಕೆಂಪು, ನಾಲ್ಕನೆಯವರಿಗೆ ನೀಲಿ. ಯಾರ ಬೀಗ ಜಡಿದಿದೆಯೋ ಅವರೇ ತೆಗೆಯಬೇಕು; ಅಲ್ಲಿಯವರೆಗೆ ಸ್ವಿಚ್ ಮೇಲೇಳುವಂತಿಲ್ಲ.

ಸೋಮವಾರ ಆ ಕೊಂಡಿಯಲ್ಲಿ ಯಾವ ಬೀಗವೂ ಸಿಕ್ಕಿರಲಿಲ್ಲ. ಸೊಸೆಯ ಹಳದಿ ಬೀಗ ಬಟ್ಟೆ ಬದಲಿಸುವ ಕೋಣೆಯ ಮೊಳೆಯಲ್ಲೇ ತೂಗುತ್ತಿತ್ತು. ಫಿಟ್ಟರನ ಕೆಂಪು ಬೀಗವಂತೂ ಎಲ್ಲಿ ಹುಡುಕಿದರೂ ಇಲ್ಲ. ‘ಮನೆಯಲ್ಲಿ ಮರೆತು ಬಂದಿರಬೇಕು’ ಎಂದು ಪೊಲೀಸರು ಕೈ ತೊಳೆದುಕೊಂಡಿದ್ದರು. ಮೂರನೇ ಹಂತದವನು ಕನ್ನಡಕ ಮರೆತು ಬಂದಾನು, ಊಟದ ಡಬ್ಬಿ ಮರೆತಾನು, ಬೀಗ ಮರೆಯುವುದುಂಟೆ? ಇದೊಂದು ಮುಳ್ಳು ಭೂತಗನ್ನಡಿಯ ಗಂಟಲಲ್ಲಿ ಹಾಗೇ ಉಳಿದಿತ್ತು.

“ಟಾರ್ಚ್ ಹಿಡಿ,” ಎಂದಳು ಮೈದುನನಿಗೆ.

“ನಾನಾ? ನಾನು ಇನ್‌ಸ್ಪೆಕ್ಟರ್ ಅತ್ತಿಗೆ.”

“ಮೀಟರಿಗೆ ಎರಡು ಕೈ ಬೇಕು. ಕತ್ತಲಲ್ಲಿ ಇನ್ಯಾರು ಹಿಡೀಬೇಕು, ನಿನ್ನ ಟೋಪಿನಾ?”

ಅವನು ಹಿಡಿದ. ಬಾಗಿಲ ಹೊರಗೆ ಸೊಸೆ ಗೋಡೆಗೆ ಒರಗಿ ನಿಂತಿದ್ದಳು. ಅಳು ಬತ್ತಿದ ಕಣ್ಣು, ಒಣಗಿದ ತುಟಿ. ಅವಳ ಪಕ್ಕದಲ್ಲೇ ಏಪ್ರನ್ ತೊಟ್ಟ ಇಸ್ತ್ರಿಯಮ್ಮ, ಸೊಸೆಯ ಮುಂಗೈ ಹಿಡಿದುಕೊಂಡು.

“ತಗೊಳ್ಳಿ.” ಭೂತಗನ್ನಡಿ ಫೋರ್‌ಮನ್ ಕೈಗೆ ಮೀಟರ್ ಕೊಟ್ಟಳು. “ಪ್ಯಾನೆಲ್‌ನಲ್ಲಿ ಕರೆಂಟ್ ಇದೆಯೋ ಇಲ್ವೋ ನೋಡಿ ಹೇಳಿ. ಅಷ್ಟೇ.”

“ನನಗೇ ಪರೀಕ್ಷೆನಾ?” ಅವನ ಕತ್ತಿನ ನರ ಉಬ್ಬಿತು. “ನಾಲ್ಕನೇ ಹಂತದೋನಿಗೆ?”

“ಭಯ ಇದ್ರೆ ಬೇಡ.”

ಫೋರ್‌ಮನ್ ಹಲ್ಲು ಕಚ್ಚಿ ಮೀಟರ್ ಕಸಿದುಕೊಂಡ. ಭೂತಗನ್ನಡಿ ಉಸಿರು ಬಿಗಿಹಿಡಿದಳು. ಪ್ಯಾನೆಲ್ ಕಡೆ ತಿರುಗು, ನೆಟ್ಟಗೆ ಪ್ಯಾನೆಲ್ ಕಡೆ ನಡೆ ಎಂದು ಅವಳ ಮನಸ್ಸು ಕೂಗುತ್ತಿತ್ತು.

ಅವನು ತಿರುಗಿದ್ದು ಬಾಗಿಲ ಕಡೆಗೆ. ಹೊರಗಿನ ಕಾರಿಡಾರ್‌ನ ಗೋಡೆಯಲ್ಲಿ ಬೇರೆ ಲೈನಿನ ಪ್ಲಗ್ ಇತ್ತು; ಅದರ ಕೆಂಪು ಚುಕ್ಕೆ ಉರಿಯುತ್ತಲೇ ಇತ್ತು. ಎರಡು ವಯರುಗಳನ್ನೂ ಅಲ್ಲಿಟ್ಟ. ನೋಡಿದ. ಇನ್ನೊಮ್ಮೆ ಇಟ್ಟ.

“ಮೇಡಂ, ನಿಮ್ಮ ಮೀಟರ್ ಕೆಟ್ಟಿದೆ. ಇದನ್ನ ಹಿಡ್ಕೊಂಡು ನಾನು ಪ್ಯಾನೆಲ್ ಹತ್ರ ಹೋಗಲ್ಲ.”

ಟಾರ್ಚಿನ ಬೆಳಕು ಮೆಲ್ಲಗೆ ಭೂತಗನ್ನಡಿಯ ಮುಖದ ಕಡೆ ತಿರುಗಿತು. “ಆ ಕಡೆ ಹಿಡಿ,” ಎಂದು ಅವಳು ಗದರಿದಳು.

“ನಿಮ್ಮ ತಲೇಲಿ ಏನಿತ್ತು ಅಂತ ಗೊತ್ತಾಯ್ತು ಬಿಡಿ.” ಫೋರ್‌ಮನ್ನನ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. “ಗೋಡೆ ಮೇಲೆ ಒಂದೇ ಪತ್ರ ಇದೆ ಅಂತ ತಾನೆ? ಉಳಿದದ್ದು ನಮ್ಮಮ್ಮನ ಮನೇಲಿದೆ. ಬಂದೋರಿಗೆಲ್ಲ ತೋರಿಸ್ತಾಳೆ, ಕೇಳಿದ್ರೂ ಕೊಡಲ್ಲ. ಮೂರನೇ ಹಂತಕ್ಕೆ ನಾನು ಎರಡು ಸಲ ಫೇಲಾಗಿದ್ದೀನಿ ಮೇಡಂ. ಕಳ್ಳದಾರಿ ಇದ್ದಿದ್ರೆ ಯಾಕೆ ಫೇಲಾಗ್ತಿದ್ದೆ?”

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಎಂದರೆ ಇದೇ. ಭೂತಗನ್ನಡಿಯ ಕೆನ್ನೆ ಬಿಸಿಯಾಯಿತು. ಆದರೆ ತಪ್ಪು ಲೆಕ್ಕವನ್ನು ಅಳಿಸಿ ಮತ್ತೆ ಮೊದಲಿಂದ ಶುರುಮಾಡುವುದು ಅವಳಿಗೆ ಹೊಸದಲ್ಲ.

“ಈಗ ಇವಳಿಗೆ ಕೊಡಿ,” ಎಂದ ಫೋರ್‌ಮನ್. “ನ್ಯಾಯ ಎಲ್ಲರಿಗೂ ಒಂದೇ ಅಲ್ವಾ?”

“ಬೇಡ,” ಎಂದಳು ಇಸ್ತ್ರಿಯಮ್ಮ ಥಟ್ಟನೆ. “ಮಗು ಮೂರು ದಿನದಿಂದ ಸರಿಯಾಗಿ ಉಂಡಿಲ್ಲ.”

“ಕೊಡಿ ಮೇಡಂ. ಮಾಡ್ತೀನಿ,” ಎಂದಳು ಸೊಸೆ.

ಮೀಟರ್ ಕೆಟ್ಟಿದೆ ಎಂದು ಫೋರ್‌ಮನ್ ಆಗಲೇ ಬಾಯಿಬಿಟ್ಟಿದ್ದ. ಹಾಗಾಗಿ ಭೂತಗನ್ನಡಿ ಕೈಚೀಲದಿಂದ ಇನ್ನೊಂದನ್ನು ತೆಗೆದಳು. ಅದನ್ನೂ ಅದೇ ರೀತಿ ಕತ್ತರಿಸಿಟ್ಟಿದ್ದಳು. ಪರೀಕ್ಷಕಿಯ ಚೀಲದಲ್ಲಿ ಎಂದೂ ಒಂದೇ ಪ್ರಶ್ನೆ ಇರುವುದಿಲ್ಲ. “ಇದು ಬೇರೆ ಮೀಟರು. ಪ್ಯಾನೆಲ್ ನೋಡಿ ಹೇಳು.”

ಸೊಸೆ ತೆಗೆದುಕೊಂಡಳು. ಅವಳ ಬಲಗೈ ತಾನಾಗಿಯೇ ಗೋಡೆಯ ಪ್ಲಗ್ ಕಡೆಗೆ ಹೋಯಿತು. ಗೇಣು ದೂರದಲ್ಲಿ ನಿಂತಿತು. ಒಂದು ಕ್ಷಣ ಬೆರಳುಗಳು ಗಾಳಿಯಲ್ಲೇ ಉಳಿದವು. ಆಮೇಲೆ ಅವಳು ಕೈಯನ್ನು ಹಿಂದಕ್ಕೆಳೆದುಕೊಂಡು, ನೇರ ಒಳಗೆ ನಡೆದು, ಪ್ಯಾನೆಲ್‌ಗೆ ಮೀಟರ್ ಇಟ್ಟಳು.

“ಸೊನ್ನೆ. ಕರೆಂಟಿಲ್ಲ,” ಎಂದಳು.

“ನೋಡಿದ್ರಾ?” ಫೋರ್‌ಮನ್ ಕೈ ಚೆಲ್ಲಿದ. “ಮೊದಲ ಪಾಠನೇ ಮರೆತಿದ್ದಾಳೆ. ಸೋಮವಾರ ಆಗಿದ್ದೂ ಇದೇ.”

“ಅತ್ತಿಗೆ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.” ಮೈದುನನ ಮುಖ ಸಪ್ಪಗಾಗಿತ್ತು. “ನಡೀಮ್ಮ.”

“ನಿಲ್ಲು!” ಭೂತಗನ್ನಡಿ ಬಾಗಿಲ ಕಡೆ ಬರುತ್ತಿದ್ದ ಸೊಸೆಯ ಎದುರಿಗೆ ಹೋಗಿ ನಿಂತಳು. “ನೀನು ಮರೀಲಿಲ್ಲ. ನಿನ್ನ ಕೈ ಪ್ಲಗ್ ತನಕ ಹೋಗಿತ್ತು, ನೀನೇ ಹಿಡಿದು ನಿಲ್ಲಿಸ್ದೆ. ಬೇಕಂತಲೇ ಫೇಲಾಗೋರನ್ನ ನಾನು ಇವತ್ತೇ ಮೊದಲು ನೋಡಿದ್ದು. ಯಾರಿಗೋಸ್ಕರ?”

“ಯಾರಿಗೂ ಇಲ್ಲ ಮೇಡಂ. ತಪ್ಪು ನಂದೇ. ಸರ್, ಕರ್ಕೊಂಡು ಹೋಗಿ.”

“ನಿನ್ನ ಎರಡನೇ ಹಂತ ಹೋಗುತ್ತೆ. ಜೈಲಿಗೆ ಹೋಗ್ತೀಯ. ಗೊತ್ತಾ?”

“ಗೊತ್ತು.”

ಹೇಳುತ್ತ ಹೇಳುತ್ತಲೇ ಸೊಸೆಯ ಮೊಣಕಾಲು ಕುಸಿಯಿತು. ಮೀಟರ್ ಕೈಜಾರಿ ನೆಲಕ್ಕೆ ಬಿದ್ದು, ಬಾಗಿಲ ಹೊಸ್ತಿಲವರೆಗೆ ಜಾರಿತು. ಮೈದುನ ಹುಡುಗಿಯ ರಟ್ಟೆ ಹಿಡಿದು ಕೂರಿಸಿದ. ಫೋರ್‌ಮನ್ ನೀರು ತರಲು ತಿರುಗಿದ.

ಇಸ್ತ್ರಿಯಮ್ಮನ ಕಣ್ಣು ಸೊಸೆಯ ಮೇಲೇ ಇತ್ತು. ಬಾಯಿ “ಅಯ್ಯೋ ನನ್ನಮ್ಮಾ, ಮೊದಲೇ ಬೇಡ ಅಂದ್ನಲ್ಲ” ಎನ್ನುತ್ತಲೇ ಇತ್ತು. ಕೈ ಮಾತ್ರ ಬಗ್ಗಿ ಮೀಟರ್ ಎತ್ತಿಕೊಂಡಿತು. ಒಡೆದಿದೆಯೇ ಎಂದು ತಿರುಗಿಸಿ ನೋಡಿತು. ವಯರುಗಳನ್ನು ತುದಿಯ ಲೋಹ ತಾಗದಂತೆ ಹಿಂದೆ ಹಿಡಿದು, ಗೋಡೆಯ ಪ್ಲಗ್ಗಿಗೆ ಇಟ್ಟಿತು.

“ಇದೂ ಕೆಟ್ಟಿದೆ,” ಎಂದಳು ಇಸ್ತ್ರಿಯಮ್ಮ.

ತಾನು ಏನು ಮಾಡಿದೆ ಎಂದು ಅವಳಿಗೆ ಹೊಳೆದದ್ದು ಆಮೇಲೆ. ಮುಖ ಬಿಳಿಚಿಕೊಂಡಿತು.

“ಇಸ್ತ್ರಿಯಮ್ಮಾ,” ಎಂದಳು ಭೂತಗನ್ನಡಿ ಮೆತ್ತಗೆ. “ನಿಮ್ಮದು ಎಷ್ಟನೇ ಹಂತ?”

“ನನಗೆಲ್ಲಿ ಹಂತ ಮೇಡಂ. ಇಸ್ತ್ರಿ ಪೆಟ್ಟಿಗೆ ಹಿಡಿಯೋಳು.”

“ಆ ಮೀಟರ್ ಹಿಡಿದದ್ದು ಬರೀ ಇಸ್ತ್ರಿ ಹಾಕೋ ಕೈಯಲ್ಲ.”

ಇಸ್ತ್ರಿಯಮ್ಮ ಏಪ್ರನ್ ಅಂಚಿನಲ್ಲಿ ಮುಖ ಒರೆಸಿಕೊಂಡಳು. ಮುಚ್ಚಿಡುವುದು ಇನ್ನು ಯಾರಿಗಾಗಿ ಎಂಬಂತೆ ಒಮ್ಮೆ ಸೊಸೆಯನ್ನು ನೋಡಿದಳು.

“ನಮ್ಮೋರು ಮೂರನೇ ಹಂತಕ್ಕೆ ಓದ್ತಿದ್ದಾಗ ಅಡುಗೆಮನೆ ಗೋಡೆ ಮೇಲೆ ಬೋರ್ಡು ಕಟ್ಕೊಂಡಿದ್ರು. ಅವರು ಮಾಡಿದ್ದನ್ನೆಲ್ಲ ನಾನೂ ಮಾಡ್ದೆ. ‘ನನಗಿಂತ ನಿನ್ನ ಕೈ ಶುದ್ಧ ಕಣೇ’ ಅನ್ನೋರು. ಪರೀಕ್ಷೆಗೆ ಕೂರೋಣ ಅಂದ್ರೆ ನನಗೆ ಶಾಲೆ ಓದಿಲ್ಲ, ಒಂದನೇ ಹಂತಕ್ಕೂ ಸೇರಿಸ್ಕೊಳ್ಳಲಿಲ್ಲ.” ಅವಳು ಮೀಟರನ್ನು ಭೂತಗನ್ನಡಿಯ ಕೈಗಿಟ್ಟಳು. “ಸೋಮವಾರ ಇವಳು ಬರೋದು ತಡ ಆಯ್ತು. ಯಂತ್ರ ನಿಂತಿತ್ತು. ಫೋರ್‌ಮನ್ನೋರು ಬಾಯ್ಲರ್ ಹತ್ರ ಇದ್ರು. ನಮ್ಮೋರು ನನ್ನ ಕರೆದ್ರು. ಸ್ವಿಚ್ ಇಳಿಸಿದ್ದು ನಾನು. ನೋಡಿದ್ದೂ ನಾನೇ. ಮೀಟರು, ಪ್ಯಾನೆಲ್ಲು, ಮತ್ತೆ ಮೀಟರು. ಪ್ಯಾನೆಲ್‌ನಲ್ಲಿ ಕರೆಂಟ್ ಇರಲಿಲ್ಲ ಮೇಡಂ. ನನ್ನ ಮಗನಾಣೆಗೂ ಇರಲಿಲ್ಲ.”

“ಅತ್ತೆ!” ಸೊಸೆ ಕೂತಲ್ಲಿಂದಲೇ ಚೀರಿದಳು. “ಸುಳ್ಳು ಸರ್, ನನ್ನ ಉಳಿಸೋಕೆ ಹೇಳ್ತಿದ್ದಾರೆ!”

“ಸುಮ್ನಿರೇ. ಹಂತ ಇಲ್ಲದೋಳನ್ನ ಒಳಗೆ ಬಿಟ್ಟ ಅಂತ ಅವರ ಮೂರನೇ ಹಂತ ಕಿತ್ಕೋತಾರೆ ಅಂತ ನಾನು ಬಾಯಿ ಮುಚ್ಕೊಂಡಿದ್ದೆ. ನೀನು ನಿನ್ನ ಕತ್ತೇ ಕೊಡೋಕೆ ಹೊರಟೆ.” ಇಸ್ತ್ರಿಯಮ್ಮ ಭೂತಗನ್ನಡಿಯ ಕಡೆ ತಿರುಗಿದಳು. “ನೀವು ಇವಳನ್ನ ಬಿಡಿಸ್ತೀರಿ ಅಂತ ಬಂದೆ. ನನ್ನ ತನಕ ಬರ್ತೀರಿ ಅಂದ್ಕೊಂಡಿರಲಿಲ್ಲ.”

“ಬೀಗ?” ಎಂದಳು ಭೂತಗನ್ನಡಿ. “ಬೀಗ ಯಾಕೆ ಹಾಕಲಿಲ್ಲ?”

“ಹಾಕದೆ ಇರ್ತೀನಾ? ನನಗೆಲ್ಲಿ ಬೀಗ ಕೊಡ್ತಾರೆ. ಇವರೇ ತಮ್ಮ ಕೆಂಪು ಬೀಗ ಕೊಟ್ರು. ಒಬ್ಬರ ಬೀಗ ಇನ್ನೊಬ್ಬರು ಹಾಕಬಾರದು, ಅದು ಗೊತ್ತು. ಗಂಡ ಹೆಂಡ್ತಿ ಅಲ್ವಾ ಅಂತ ಹಾಕ್ದೆ. ಜಗ್ಗಿ ನೋಡ್ದೆ. ಎಲ್ಲ ಮುಗಿಸಿ ನನ್ನ ಮೇಜಿಗೆ ವಾಪಸ್ ಹೋದೆ. ಕೀಲಿ ಇಲ್ಲೇ ಇದೆ.”

ಏಪ್ರನ್ ಜೇಬಿನಿಂದ ತೆಗೆದು ಅಂಗೈ ಚಾಚಿದಳು. ಕೆಂಪು ಪ್ಲಾಸ್ಟಿಕ್ ತಲೆಯ ಪುಟ್ಟ ಕೀಲಿ. ಬಿಗಿಹಿಡಿದು ಬಿಗಿಹಿಡಿದು ಅದರ ಹಲ್ಲಿನ ಗುರುತು ಅಂಗೈಯಲ್ಲಿ ಮೂಡಿತ್ತು.

ಫೋರ್‌ಮನ್ ನೀರಿನ ಲೋಟ ಹಿಡಿದು ಬಾಗಿಲಲ್ಲಿ ಹಾಗೇ ನಿಂತುಬಿಟ್ಟ. ಹಂತ ಬಲ್ಲವನಿಗೆ ವಿವರಿಸಿ ಹೇಳುವುದು ಬೇಕಿರಲಿಲ್ಲ. ಪರೀಕ್ಷೆ ಸರಿಯಾಗಿತ್ತು, ಬೀಗ ಬಿದ್ದಿತ್ತು, ಕೀಲಿ ಇವಳ ಜೇಬಿನಲ್ಲಿತ್ತು. ಅಂದಮೇಲೆ ಯಾರೋ ಆ ಬೀಗವನ್ನು ಕತ್ತರಿಸಿ ತೆಗೆದು ಸ್ವಿಚ್ ಏರಿಸಿದ್ದರು. ಇದು ಕೈತಪ್ಪಲ್ಲ.

“ಕೊಲೆ ಯತ್ನ,” ಎಂದ ಮೈದುನ. ಅವನ ದನಿಯಲ್ಲಿ ಈಗ ತಮಾಷೆಯ ಸುಳಿವಿರಲಿಲ್ಲ.

ಭೂತಗನ್ನಡಿ ಅವನ ಕೈಯಲ್ಲಿದ್ದ ಟಾರ್ಚನ್ನೇ ನೋಡುತ್ತಿದ್ದಳು. ಬೆಳಗಿನಿಂದ ಅದು ಅವಳ ಕಣ್ಣೆದುರೇ ಇತ್ತು. ಭೂತಗನ್ನಡಿಯಂತೆ, ಭೂತಗನ್ನಡಿ!

“ಇಸ್ತ್ರಿಯಮ್ಮಾ. ಸ್ವಿಚ್ ಇಳಿಸಿದ ಮೇಲೆ ಈ ಮೂಲೆ ಕಗ್ಗತ್ತಲು. ನಿಮ್ಮ ಎರಡೂ ಕೈಯಲ್ಲಿ ಮೀಟರಿನ ವಯರು. ನಿಮ್ಮೋರು?”

“ಆಚೆ ಕಪಾಟಿನ ಹತ್ರ ಸ್ಪ್ಯಾನರ್ ಹುಡುಕ್ತಿದ್ರು…”

“ಹಾಗಾದ್ರೆ ನಿಮಗೆ ಟಾರ್ಚ್ ಹಿಡಿದೋರು ಯಾರು?”

ಇಷ್ಟು ಹೊತ್ತು ಯಾವುದಕ್ಕೂ ಬಗ್ಗದ ಇಸ್ತ್ರಿಯಮ್ಮನ ಕಣ್ಣು ಮೊದಲ ಸಲ ನೆಲ ನೋಡಿತು.

“ಬೇಡ ಅತ್ತೆ,” ಎಂದಳು ಸೊಸೆ. “ನಿಮ್ಮ ಕಾಲಿಗೆ ಬೀಳ್ತೀನಿ, ಹೇಳಬೇಡಿ.”

ಇಸ್ತ್ರಿಯಮ್ಮ ಅವಳ ಪಕ್ಕದಲ್ಲೇ ಕುಕ್ಕರಿಸಿದಳು. ಅತ್ತೆ ಸೊಸೆಯರಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು, ಒಂದೇ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಕೂತಿದ್ದರು. ಸೊಸೆ ತನ್ನ ಕತ್ತು ಕೊಡಲು ಹೊರಟದ್ದು ಬರೀ ಅತ್ತೆಗೋಸ್ಕರ ಅಲ್ಲ. ಅತ್ತೆ ಬಾಯಿ ಮುಚ್ಚಿಕೊಂಡದ್ದು ಬರೀ ಗಂಡನ ಹಂತಕ್ಕೋಸ್ಕರವೂ ಅಲ್ಲ. ಇಬ್ಬರಿಗೂ ಸಮನಾಗಿ ಬೇಕಾದವನು ಈ ಲೋಕದಲ್ಲಿ ಇನ್ನೊಬ್ಬನಿದ್ದ.

ಭೂತಗನ್ನಡಿ ಮೈದುನನ ತೋಳು ಹಿಡಿದು ಎಳೆದಳು.

“ಆಸ್ಪತ್ರೇಲಿ ಫಿಟ್ಟರ್ ಪ್ರಜ್ಞೆ ಇಲ್ದೆ ಮಲಗಿದ್ದಾನೆ. ನಿನ್ನ ಪೇದೆ ಯಾರಾದ್ರೂ ಕಾವಲಿಗಿದ್ದಾನಾ?”

“ಯಾಕೆ ಅತ್ತಿಗೆ? ಬೇಕಾಗಿರಲಿಲ್ವಲ್ಲ. ಬೆಳಿಗ್ಗೇನೇ ವಾಪಸ್ ಕರೆಸ್ಕೊಂಡೆ.”

“ಈಗ ಅವನ ಹತ್ರ ಯಾರಿದ್ದಾರೆ?”

“ಮಗ,” ಎಂದ ಮೈದುನ. “ಅವನೊಬ್ಬನೇ.”